ರಾಗಿ ಮತ್ತು ಕರುಳಿನ ಕ್ಯಾನ್ಸರ್ ಬಗ್ಗೆ ಸಂಶೋಧನೆ: ಡೇಟಾ ಎಲ್ಲಿಂದ ತರುವುದು?

ಪ್ರಶ್ನೆ: ನಮಸ್ಕಾರ ಮೇಡಂ. ಮೈಸೂರಿನಲ್ಲಿ ನ್ಯೂಟ್ರಿಷನ್ ವಿಷಯದಲ್ಲಿ ಪಿಎಚ್‌ಡಿ ಶುರು ಮಾಡಿದ್ದೇನೆ. ರಾಗಿ ಜಾಸ್ತಿ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆಯೇ ಅಂತ ನೋಡುವ ಆಸೆ. ಕೈಯಲ್ಲಿ ಹೆಚ್ಚು ಹಣ ಇಲ್ಲ. ಸಿದ್ಧ ಡೇಟಾ ಸಿಗುತ್ತದಾ? ಬ್ರಿಟನ್ನಿನ ಜನರ ಆರೋಗ್ಯ ಮಾಹಿತಿ ಇರುವ ಯುಕೆ ಬಯೋಬ್ಯಾಂಕ್ ಸಾಕಾ?

ಉತ್ತರ: ಒಳ್ಳೆಯ ಪ್ರಶ್ನೆ ಆರಿಸಿಕೊಂಡಿದ್ದೀರಿ. ಯುಕೆ ಬಯೋಬ್ಯಾಂಕಿನಲ್ಲಿ 5 ಲಕ್ಷ ಜನ ಇದ್ದಾರೆ, ನಿಜ. ಆದರೆ ಮುದ್ದೆ ತಿನ್ನುವವರನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ, ಶುಲ್ಕವೂ ಕಟ್ಟಬೇಕು. ವಿಶ್ಲೇಷಣೆ ಕಲಿಯಲು ಅಮೆರಿಕದ ಎನ್‌ಹೇನ್ಸ್ ಎಂಬ ಆರೋಗ್ಯ-ಆಹಾರ ಸಮೀಕ್ಷೆಯ ಡೇಟಾ ಉಚಿತವಾಗಿ ಸಿಗುತ್ತದೆ. ಅಲ್ಲಿನ ಪಿಎಲ್‌ಸಿಒ ಎಂಬ ಕ್ಯಾನ್ಸರ್ ತಪಾಸಣಾ ಅಧ್ಯಯನದಲ್ಲಿ ಆಹಾರದ ಮಾಹಿತಿ, ಕ್ಯಾನ್ಸರ್ ಮಾಹಿತಿ ಎರಡೂ ಇವೆ. ಅದಕ್ಕೆ ನಿಮ್ಮ ಯೋಜನೆ ಬರೆದು ಅನುಮತಿ ಪಡೆಯಬೇಕು.

ಮೊದಲು ಓದಬೇಕಾದ್ದು ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್‌ನ 2018ರ ವರದಿ. ದಿನಕ್ಕೆ 90 ಗ್ರಾಂ ಇಡಿ ಧಾನ್ಯಕ್ಕೆ (ತೌಡು ತೆಗೆಯದ್ದು) ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 17% ಕಡಿಮೆ ಎಂಬ ಲೆಕ್ಕ ಅದರಲ್ಲಿದೆ. ಅದರ ಹಿಂದಿನ ಅಧ್ಯಯನಗಳು ಹೆಚ್ಚಾಗಿ ಯುರೋಪ್, ಅಮೆರಿಕದವು. ಹಾಗಾಗಿ ಅದನ್ನೇ ರಾಗಿಗೆ ಅಂಟಿಸಬೇಡಿ. ನಿಮ್ಮ ಕೆಲಸಕ್ಕೆ ಜಾಗ ಇರುವುದು ಇಲ್ಲೇ.

ನಮ್ಮ ಕಡೆಯ ಕ್ಯಾನ್ಸರ್ ಅಂಕಿಅಂಶಕ್ಕೆ ದೂರ ಹೋಗಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ನಡೆಸುವ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಕಿದ್ವಾಯಿ ಸಂಸ್ಥೆಯ ನೋಂದಣಿ 1982ರಿಂದ ಬೆಂಗಳೂರಿನ ಲೆಕ್ಕ ಇಡುತ್ತಿದೆ. ಆದರೆ ಆ ನೋಂದಣಿಗಳಲ್ಲಿ ರೋಗಿ ಏನು ತಿನ್ನುತ್ತಿದ್ದರು ಅಂತ ಇರುವುದಿಲ್ಲ. ಅದನ್ನು ನೀವೇ ಕೇಳಿ ಬರೆದುಕೊಳ್ಳಬೇಕು.

ಪ್ರಶ್ನೆ: ಹಾಗಾದರೆ ಆಹಾರದ ಲೆಕ್ಕಕ್ಕೆ ಐಎಫ್‌ಸಿಟಿ (ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕ) ಒಂದೇ ಸಾಕಲ್ವಾ ಮೇಡಂ?

ಉತ್ತರ: ಶುರು ಅಲ್ಲಿಂದಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆ ಕೋಷ್ಟಕದಲ್ಲಿ 528 ಆಹಾರಗಳಿವೆ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂನೊಳಗೆ. ತೊಂದರೆ ಏನೆಂದರೆ, ಅಲ್ಲಿರುವುದು ಹೆಚ್ಚಾಗಿ ಬೇಯಿಸದ ಪದಾರ್ಥ. ಜನ ತಿನ್ನುವುದು ಮುದ್ದೆ, ಅಂಬಲಿ, ರೊಟ್ಟಿ. ಒಂದು ಮನೆಯ ಮುದ್ದೆಯ ಗಾತ್ರ ಇನ್ನೊಂದು ಮನೆಯಲ್ಲಿ ಇರುವುದಿಲ್ಲ. ಮನೆಮನೆಗೆ ತಕ್ಕಡಿ ಒಯ್ದು ಮುದ್ದೆ ತೂಗಿ, ಎಷ್ಟು ಹಿಟ್ಟಿಗೆ ಎಷ್ಟು ನೀರು ಅಂತ ಬರೆದುಕೊಳ್ಳಿ. ಈ ಕೆಲಸಕ್ಕೆ ಯಾವ ಸಾಫ್ಟ್‌ವೇರೂ ಬದಲಿಯಲ್ಲ. ನನ್ನ ಪ್ರಕಾರ ನಿಮ್ಮ ಪಿಎಚ್‌ಡಿಯ ಮೊದಲ ಅಧ್ಯಾಯವೇ ಇದಾಗಬೇಕು: ನಮ್ಮ ಊಟಕ್ಕೆ ಹೊಂದುವ ಆಹಾರ ಪ್ರಶ್ನಾವಳಿ ಮಾಡಿ, 24 ಗಂಟೆಯ ಊಟದ ವಿವರದ ಜೊತೆ ಹೋಲಿಸಿ ಪರೀಕ್ಷಿಸುವುದು. ಒಂದೇ ದಿನದ ವಿವರ ಸಾಲದು, ಬೇರೆ ಬೇರೆ ಕಾಲದಲ್ಲಿ ಕೇಳಬೇಕು.

ಇನ್ನೊಂದು ಮಾತು. ಕರುಳಿನ ಕ್ಯಾನ್ಸರ್ ಬಂದವರು ರೋಗ ಪತ್ತೆಯಾಗುವ ಮೊದಲೇ ಹೊಟ್ಟೆ ಸರಿಯಿಲ್ಲ ಅಂತ ಊಟ ಬದಲಿಸಿರುತ್ತಾರೆ. ‘ಈಗ ಏನು ತಿನ್ನುತ್ತೀರಿ’ ಅಂತ ಕೇಳಿದರೆ ಉತ್ತರವೇ ತಪ್ಪಾಗುತ್ತದೆ. ತೊಂದರೆ ಶುರುವಾಗುವ ಮುಂಚಿನ ಊಟ ಕೇಳಿ. ಹೋಲಿಕೆಗೆ ಆರಿಸುವ, ಈ ಕ್ಯಾನ್ಸರ್ ಇಲ್ಲದವರು ಅದೇ ಊರುಗಳವರಾಗಿರಲಿ. ತಂಬಾಕು, ಮದ್ಯ, ಮಾಂಸ, ತೂಕ, ಮೈಮುರಿದು ಮಾಡುವ ಕೆಲಸ ಎಲ್ಲವನ್ನೂ ದಾಖಲಿಸಿ. ರಾಗಿ ತಿನ್ನುವವರು ಹೊಲದಲ್ಲಿ ದುಡಿಯುವವರೂ ಆಗಿರಬಹುದು ಅಲ್ವಾ? ಲಾಭ ರಾಗಿಯದೋ ದುಡಿಮೆಯದೋ ಗೊತ್ತಾಗಬೇಕು.

ಪ್ರಶ್ನೆ: ರಾಗಿಯ ಪಾಲಿಫಿನಾಲ್ (ಸಸ್ಯಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ತೆಗೆದು ಮಾತ್ರೆಯಾಗಿ ಕೊಟ್ಟು ನೋಡಬಹುದಾ?

ಉತ್ತರ: ಈಗಲೇ ಬೇಡ. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ತರಕಾರಿ, ಹಣ್ಣುಗಳಲ್ಲಿರುವ ಬೀಟಾ ಕ್ಯಾರೋಟಿನ್ ಅನ್ನು ಮಾತ್ರೆಯಾಗಿ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, 18% ಹೆಚ್ಚಾಯಿತು. ತರಕಾರಿ, ಹಣ್ಣು ತಿನ್ನುವವರಲ್ಲಿ ಕಂಡ ಲಾಭ ಮಾತ್ರೆಯಲ್ಲಿ ಸಿಗಲಿಲ್ಲ. ಮನುಷ್ಯರಿಗೆ ಏನನ್ನಾದರೂ ಕೊಟ್ಟು ನೋಡುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಮೊದಲ ವ್ಯಕ್ತಿ ಸೇರುವ ಮುಂಚೆಯೇ ಸಿಟಿಆರ್‌ಐನಲ್ಲಿ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ) ನೋಂದಣಿಯೂ ಬೇಕು. ರೋಗಿಗಳ ಸಂದರ್ಶನಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ಆ ಅರ್ಜಿಗೆ ತಿಂಗಳುಗಳು ಹಿಡಿಯಬಹುದು, ಈ ವಾರವೇ ಬರೆಯಲು ಕೂತುಕೊಳ್ಳಿ. ಪ್ರಶ್ನಾವಳಿಯ ಕರಡು ತಯಾರಾದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.