ಸಹಾಯ ಬೇಕು: ಅಪ್ಪನಿಗೆ ಯಾವ ಊರುಗೋಲು ಕೊಳ್ಳುವುದು?

ನಮಸ್ಕಾರ. ನಾವು ಚಿಂತಾಮಣಿ ತಾಲ್ಲೂಕಿನ ಹಳ್ಳಿಯವರು. ಅಪ್ಪನಿಗೆ ಎಪ್ಪತ್ತು ದಾಟಿದೆ. ಪಾರ್ಶ್ವವಾಯು ಆದಮೇಲೆ ಎಡಗಾಲು ಎಳೆಯುತ್ತಾರೆ, ಎಡಗೈಗೆ ಹಿಡಿತವೇ ಇಲ್ಲ.

ನೆಂಟರು ಕೊಟ್ಟ ವಾಕರ್ ನೋಡಿದೆವು. ಅದನ್ನು ಎರಡೂ ಕೈಯಿಂದ ಎತ್ತಿಡಬೇಕು. ಒಂದೇ ಕೈಯಲ್ಲಿ ಎತ್ತಿದರೆ ಅಪ್ಪನೂ ಅದರ ಜೊತೆಗೇ ವಾಲುತ್ತಾರೆ. ಈಗ ಬಲಗೈಯಲ್ಲಿ ಸಾದಾ ಊರುಗೋಲು ಹಿಡಿಯುತ್ತಾರೆ. ಹಿಡಿಯನ್ನು ಮಣಿಕಟ್ಟಿನ ಮಟ್ಟಕ್ಕೆ ಸರಿಮಾಡಿ, ತುದಿಗೆ ಹೊಸ ರಬ್ಬರ್ ಹಾಕಿಸಿದ್ದೇವೆ. ನೇರ ನಡೆಯುವಾಗ ತೊಂದರೆಯಿಲ್ಲ, ತಿರುಗುವಾಗ ತೂರಾಡುತ್ತಾರೆ.

ಅಂಗಡಿಯಲ್ಲಿ ನಾಲ್ಕು ಕಾಲಿನ ಊರುಗೋಲು ತೋರಿಸಿದರು. ಸಮನೆಲದಲ್ಲಿ ಭದ್ರ, ಒಪ್ಪುತ್ತೇನೆ. ಆದರೆ ನಾಲ್ಕೂ ಕಾಲು ಒಟ್ಟಿಗೆ ಊರದಿದ್ದರೆ ಅದೇ ಅಲುಗಾಡುತ್ತದೆ. ನಮ್ಮದು ಹಳೆಯ ಮನೆ: ಎತ್ತರದ ಹೊಸ್ತಿಲು, ಅಂಗಳಕ್ಕೆ ಒರಟು ಕಲ್ಲುಚಪ್ಪಡಿ, ಬಚ್ಚಲಿಗೆ ಇಳಿಯಲು ಕಿರಿದಾದ ಮೆಟ್ಟಿಲು. ಅಪ್ಪ ಬಚ್ಚಲಿಗೆ ಯಾರನ್ನೂ ಜೊತೆಗೆ ಬಿಟ್ಟುಕೊಳ್ಳುವುದಿಲ್ಲ. ಆ ಹಟಕ್ಕೆ ಮದ್ದಿಲ್ಲ. ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರದಲ್ಲಿ ಬಿಪಿಎಲ್ ಹಿರಿಯರಿಗೆ ಇಂಥ ಊರುಗೋಲುಗಳನ್ನು ಉಚಿತವಾಗಿ ಕೊಡುತ್ತಾರೆ, ಆದರೆ ಶಿಬಿರ ಬರುವವರೆಗೆ ಕಾಯುವಂತಿಲ್ಲ.

ಒಂದೇ ಕೈ ಬಳಸುವವರನ್ನು ಇಂಥ ಮನೆಯಲ್ಲಿ ನೋಡಿಕೊಂಡವರು, ಫಿಸಿಯೋಥೆರಪಿ ಬಲ್ಲವರು ದಯವಿಟ್ಟು ತಿಳಿಸಿ: ಮೆಟ್ಟಿಲ ಮೇಲೆ ಕೂರುವ ಚಿಕ್ಕ ತಳದ ನಾಲ್ಕು ಕಾಲಿನ ಊರುಗೋಲು ಕೊಳ್ಳಲೇ, ಅಥವಾ ಸಾದಾ ಊರುಗೋಲನ್ನೇ ಉಳಿಸಿಕೊಂಡು ಗೋಡೆಗೆ ಹಿಡಿಕಂಬಿ ಹಾಕಿಸಲೇ?