ಹಳೇಮನೆ ಬಳಗ: ಕೊನೇ ಪುಟದ ಜಗಳ

ಸುಬ್ಬು ಚಿಕ್ಕಪ್ಪ: [ಫೋಟೋ: ಕಾದಂಬರಿಯೊಂದರ ಕೊನೇ ಪುಟ, ಅಡ್ಡಲಾಗಿ ಕೆಂಪು ಪೆನ್ನಲ್ಲಿ ‘ಮೋಸ’]

ಸುಬ್ಬು ಚಿಕ್ಕಪ್ಪ: ಮೇಘಾ, ನೀನು ಕೊಟ್ಟ ಟಾನಾ ಫ್ರೆಂಚ್ ಪುಸ್ತಕ, ‘ಇನ್ ದ ವುಡ್ಸ್’, ಮುಗೀತು. ಮೂರು ರಾತ್ರಿ ನಿದ್ದೆಗೆಟ್ಟೆ. 1984ರಲ್ಲಿ ಡಬ್ಲಿನ್ ಹತ್ರ ಮೂರು ಮಕ್ಕಳು ಕಾಡಿಗೆ ಹೋಗ್ತಾರೆ, ಒಬ್ಬನೇ ಸಿಗ್ತಾನೆ, ಶೂನಲ್ಲೆಲ್ಲಾ ರಕ್ತ. ಅವನೇ ದೊಡ್ಡವನಾಗಿ ಪೊಲೀಸು. ಅದೇ ಜಾಗದಲ್ಲಿ ಇನ್ನೊಂದು ಹುಡುಗಿಯ ಕೊಲೆ. ಅದೇನೋ ಪತ್ತೆಯಾಗತ್ತೆ. ಆ ಹಳೇ ಇಬ್ಬರು ಮಕ್ಕಳು ಏನಾದ್ರು? ಆಯಮ್ಮ ಹೇಳೋದೇ ಇಲ್ಲ!

ಪ್ರದೀಪ: ಚಿಕ್ಕಪ್ಪಾ!! ನಾನಿನ್ನೂ ಅರ್ಧದಲ್ಲಿದ್ದೀನಿ

ಸುಬ್ಬು ಚಿಕ್ಕಪ್ಪ: ಒಳ್ಳೇದೇ ಆಯ್ತು, ಮಿಕ್ಕ ಅರ್ಧ ಓದಬೇಡ.

ಪ್ರದೀಪ: ಡಿಲೀಟ್ ಮಾಡಿ ದಯವಿಟ್ಟು

ಮೇಘಾ: ಇನ್ನೇನು ಡಿಲೀಟು, ನೀನು ಓದಿಯಾಯ್ತಲ್ಲ 😂

ಮೇಘಾ: ಚಿಕ್ಕಪ್ಪ, ಅದು ಅವರ ಮೊದಲ ಕಾದಂಬರಿ. ಪತ್ತೇದಾರಿ ಕತೆಗಳಿಗೆ ಕೊಡೋ ಎಡ್ಗರ್ ಪ್ರಶಸ್ತಿ ಬಂದಿದೆ. ಅವನಿಗೇ ನೆನಪಿಲ್ಲದ್ದನ್ನ ನಮಗೆ ಹೇಗೆ ಹೇಳ್ತಾನೆ? ಕತೆ ಹೇಳ್ತಿರೋನು ಅವನೇ ಅಲ್ವಾ.

ಸುಬ್ಬು ಚಿಕ್ಕಪ್ಪ: ಪ್ರಶಸ್ತಿ ತಗೊಂಡು ನಾನೇನು ಮಾಡ್ಲಿ. ಊಟಕ್ಕೆ ಕೂರಿಸಿ, ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ ‘ಅನ್ನ ಇಲ್ಲ, ಏಳಿ’ ಅಂದ ಹಾಗಾಯ್ತು. ನಮ್ಮ ಕಾದಂಬರಿಕಾರ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಯಾವತ್ತಾದ್ರೂ ‘ಗೊತ್ತಾಗಲಿಲ್ಲ ಸ್ವಾಮಿ’ ಅಂತ ಕೈಯೆತ್ತಿದ್ನಾ? ಈಗಿನವರಿಗೆ ಗಂಟು ಹಾಕೋದು ಮಾತ್ರ ಬರತ್ತೆ.

ಮೇಘಾ: ಈಗಿನವರು ಅಂತ ಎಲ್ಲರನ್ನೂ ಒಂದೇ ಗಾಡಿಗೆ ಕಟ್ಟಬೇಡಿ. ಜಪಾನಿನ ಕೀಗೊ ಹಿಗಾಶಿನೊ ಓದಿ, ‘ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಕೊಲೆ ಮಾಡಿದ್ದು ಯಾರು, ಮುಚ್ಚಿಹಾಕೋಕೆ ನಿಂತ ಪಕ್ಕದ ಮನೆ ಗಣಿತದ ಮೇಷ್ಟ್ರು ಯಾರು, ಎಲ್ಲಾ ಶುರುವಿನಲ್ಲೇ ಕಣ್ಣೆದುರಿಗೆ. ನಮಗೆಲ್ಲಾ ಗೊತ್ತು, ಪೊಲೀಸರಿಗೇ ಗೊತ್ತಿಲ್ಲ ಅಂತ ಆರಾಮಾಗಿ ಓದ್ತಾ ಇರ್ತೀವಿ. ಏಮಾರೋದೇ ಅಲ್ಲಿ. ಇದಕ್ಕಿಂತ ಹೆಚ್ಚು ಹೇಳಲ್ಲ, ನಾನೇನು ನಿಮ್ಮ ಹಾಗಲ್ಲ.

ಸುಬ್ಬು ಚಿಕ್ಕಪ್ಪ: ಕೊಲೆಗಾರ ಮೊದಲೇ ಗೊತ್ತಾದ್ರೆ ಅದ್ಯಾವ ಸೀಮೆ ಪತ್ತೇದಾರಿ?

ಮೇಘಾ: ಜಪಾನಿನ ಬರಹಗಾರರೂ ಇದೇ ಜಗಳ ಆಡಿದ್ರು. ಇದು ಹೊನ್ಕಾಕು, ಅಂದ್ರೆ ಅಪ್ಪಟ ಪತ್ತೇದಾರಿ ಹೌದೋ ಅಲ್ವೋ ಅಂತ. ಆಮೇಲೆ 2006ರ ಹೊನ್ಕಾಕು ಪ್ರಶಸ್ತಿ ಇದಕ್ಕೇ ಬಂತು.

ಶಾಂತಾ ಅತ್ತೆ: [ಗುಲಾಬಿ ಹೂವಿನ ಚಿತ್ರ: ಶುಭರಾತ್ರಿ]

ಶಾಂತಾ ಅತ್ತೆ: ಯಾಕೆ ಎಲ್ಲರೂ ಜಗಳ? ನನಗೆ ಹರಿಣಿ ನಾಗೇಂದ್ರ ಬರೆದಿದ್ದು ಸಾಕಪ್ಪ. 1921ರ ಬೆಂಗಳೂರು. ಕಾವೇರಿ ಅಂತ ಹುಡುಗಿ, ಲೆಕ್ಕದಲ್ಲಿ ಜಾಣೆ, ಗಂಡ ಬೌರಿಂಗ್ ಆಸ್ಪತ್ರೆ ಡಾಕ್ಟರು. ರಕ್ತ ಕಮ್ಮಿ.

ಸುಬ್ಬು ಚಿಕ್ಕಪ್ಪ: ಅಕ್ಕ, ಅದರಲ್ಲಿ ಕೊನೆಗೆ ಗುಟ್ಟು ಬಿಚ್ಚಿ ಹೇಳ್ತಾರೆ ತಾನೆ? ನಾನು ಕೇಳ್ತಿರೋದು ಅಷ್ಟೇ.

ಶಾಂತಾ ಅತ್ತೆ: ನೀನು ಮಾತ್ರ ಕೊನೇ ಪುಟದ ಬಗ್ಗೆ ಮಾತಾಡಬೇಡ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕ ನೆನಪಿದೆಯಾ? ಕೊನೇ ನಾಕು ಹಾಳೆ ಯಾರೋ ಕಿತ್ತುಕೊಂಡಿದ್ರು. ನೀನು ಓದಿದವನ ಹಾಗೆ ಕೂತು ನಮಗೆಲ್ಲಾ ‘ಅಡುಗೆಭಟ್ಟನೇ ಕೊಲೆಗಾರ’ ಅಂತ ಹೇಳಿದೆ.

ಮೇಘಾ: 😂😂😂

ಸುಬ್ಬು ಚಿಕ್ಕಪ್ಪ: ನಿನಗೆ ಹಾಳೆ ವಿಷಯ ಹೇಗೆ ಗೊತ್ತು?

ಶಾಂತಾ ಅತ್ತೆ: ವಾಪಸ್ ಕೊಡೋಕೆ ಹೋದವಳು ನಾನೇ ಅಲ್ವೇನೋ. ಹಾಳೆ ಹರಿದಿದ್ದಕ್ಕೆ ಎಂಟಾಣೆ ದಂಡ ಹಾಕಿದ್ರು.

ಪ್ರದೀಪ: ತಾಳಿ, ಅಪ್ಪ ಇವತ್ತಿಗೂ ಆ ಅಡುಗೆಭಟ್ಟನ ಕತೆ ಹೇಳ್ತಾರೆ. ನಾನು ನಿಜ ಅಂದ್ಕೊಂಡಿದ್ದೆ

ಮೇಘಾ: ಚಿಕ್ಕಪ್ಪ, ನಿಜವಾದ ಕೊಲೆಗಾರ ಯಾರು?

ಸುಬ್ಬು ಚಿಕ್ಕಪ್ಪ: [ಈ ಸಂದೇಶವನ್ನು ಅಳಿಸಲಾಗಿದೆ]

ಸುಬ್ಬು ಚಿಕ್ಕಪ್ಪ: ಪುಸ್ತಕದ ಹೆಸರೂ ಮರೆತುಹೋಗಿದೆ ಕಣೇ. ಆದ್ರೆ ಅಡುಗೆಭಟ್ಟನೇ. ಬೇರೆ ಯಾರೂ ಆಗೋಕೆ ಸಾಧ್ಯ ಇಲ್ಲ.