ಮಂಜಿ, ಮಾಂಜಿ, ಮಚವೆ

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಹಡಗನ್ನು ಮಂಜಿ ಎನ್ನುತ್ತಾರೆ. ತುಳುನಾಡಿನ ಮೀನು ಮಾರುಕಟ್ಟೆಯಲ್ಲಿ ಮಾಂಜಿ ಎಂದರೆ ಪಾಂಫ್ರೆಟ್. ಮೀನಿನ ಹೆಸರೇ ಹಡಗಿಗೂ ಬಂದಿತೇ?

ಹಾಗೆ ನಂಬುವುದು ಕಷ್ಟ. ಹಡಗಿನ ಹೆಸರಿನಲ್ಲಿ ಮೊದಲ ಸ್ವರ ಹ್ರಸ್ವ, ಮೀನಿನ ಹೆಸರಿನಲ್ಲಿ ದೀರ್ಘ. ಕಡು ಮತ್ತು ಕಾಡು ಎರಡು ಪದಗಳಾಗಿ ನಿಲ್ಲುವುದು ಇಷ್ಟರಿಂದಲೇ. ಹೋಟೆಲುಗಳ ಇಂಗ್ಲಿಷ್ ಫಲಕಗಳಲ್ಲಿ ಈ ಭೇದ ಅಳಿಸಿಹೋಗುತ್ತದೆ. ಕನ್ನಡದಲ್ಲಿ ಬರೆಯುವವರಾದರೂ ಅದನ್ನು ಉಳಿಸಿಕೊಳ್ಳಬೇಕು. ಇದಕ್ಕಿಂತ ಬಲವಾದ ಆಧಾರ ನೆರೆಭಾಷೆಗಳದ್ದು. ಪಾಂಫ್ರೆಟ್ ಮಲಯಾಳದಲ್ಲಿ ಆವೋಲಿ, ತಮಿಳಿನಲ್ಲಿ ವವ್ವಾಲ್ (ಬಾವಲಿಗೂ ಅದೇ ಹೆಸರು). ಮೀನಿಗೆ ಬೇರೆ ಹೆಸರಿರುವ ಆ ಕರಾವಳಿಗಳಲ್ಲೂ ಹಡಗು ಮಂಜಿಯೇ. ಪೋರ್ಚುಗೀಸರು ಅದನ್ನು ಮಂಚುವಾ ಎಂದು ಬರೆದರು. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ನಿಘಂಟು ಈ ಮಂಚುವಾದ ಮೂಲ ಮಲಯಾಳದ ಮಂಜಿ ಎನ್ನುತ್ತದೆ.

ಹಿಂದಿಯ ಮಾಂಝಿಯನ್ನೂ ಇಲ್ಲಿಗೆ ಎಳೆದು ತರುವವರಿದ್ದಾರೆ. ಅದು ದೋಣಿ ನಡೆಸುವವನ ಹೆಸರು, ದೋಣಿಯದಲ್ಲ.

ದೋಣಿಗೂ ಮೀನಿಗೂ ನಿಜವಾದ ನಂಟಿರುವ ಪದ ಬೇಕಿದ್ದರೆ ಮಚವೆ ಎಂಬ ದೋಣಿಯ ಹೆಸರನ್ನು ನೋಡಬೇಕು. ನಮಗೆ ಅದು ಮರಾಠಿಯ ಮಚವಾದಿಂದ ಬಂದದ್ದು. ಗುಜರಾತಿಯಲ್ಲಿ ಇದೇ ದೋಣಿ ಮಛವೋ. ಹಿಂದಿಯ ಮಛುಆ ಮೀನುಗಾರ. ಸಂಸ್ಕೃತದ ಮತ್ಸ್ಯ ಪ್ರಾಕೃತದಲ್ಲಿ ಮಚ್ಛವಾಗಿ ಈ ಪದಗಳಿಗೆಲ್ಲ ಬುಡವಾಯಿತೆಂದು ಕಾಣುತ್ತದೆ. ಆದರೆ ಮರಾಠಿಯಲ್ಲಿ ಮೀನಿಗೆ ಮಾಸಾ, ಮಾಸಳಿ ಎನ್ನುತ್ತಾರೆ: ಅಲ್ಲಿ ಮಚ್ಛದ ಛಕಾರ ಸಕಾರವಾಗಿದೆ. ಮಚವಾದಲ್ಲಿ ಹಾಗಾಗಿಲ್ಲ. ಆದ್ದರಿಂದ ಅದು ಮರಾಠಿಯಲ್ಲೇ ಬೆಳೆದ ರೂಪವಲ್ಲ, ಗುಜರಾತಿನ ಕಡೆಯಿಂದ ಕಡಲ ವ್ಯಾಪಾರದ ಜೊತೆ ಇಳಿದು ಬಂದದ್ದು ಎಂದು ನನ್ನ ಊಹೆ. ಪಡುಗಡಲಿನ ಹಡಗು ಪದಗಳು ಬಂದರಿನಿಂದ ಬಂದರಿಗೆ ಹೀಗೆ ಸಾಗಿದ್ದರಲ್ಲಿ ಅಚ್ಚರಿಯೇನೂ ಇಲ್ಲ. ಹಾಗೆ ಬಂದವನ್ನು ನಮ್ಮವಲ್ಲ ಎಂದು ದೂರವಿಡುವುದೂ ಸರಿಯಲ್ಲ.

ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವರಲ್ಲಿ ಒಂದು ಕೋರಿಕೆ. ನಿಮ್ಮ ಹಿರಿಯರ ಮಾತಿನಲ್ಲಿ ಮಚವೆ ಎಂದರೆ ಮೀನು ಹಿಡಿಯುವ ದೋಣಿಯೇ, ಸರಕಿನದೇ, ಜನರನ್ನು ಹೊಳೆ ದಾಟಿಸುವುದೇ? ಅವರು ಆಡುವ ವಾಕ್ಯವನ್ನೇ ಬರೆದು ಕಳಿಸಿದರೆ ಉಪಕಾರವಾಗುತ್ತದೆ.